ಮಗುವಿಗೆ ಆಟಿಸಂ ಇರಬಹುದೇ ಎಂಬ ಅನುಮಾನ ಬಂದಾಗ: ತಪಾಸಣೆಗೆ ಎಲ್ಲಿಗೆ ಹೋಗಬೇಕು, ಏನೇನು ಒಯ್ಯಬೇಕು

"ಎರಡು ವರ್ಷ ತುಂಬಿತು, ಇನ್ನೂ ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡಲ್ಲ. ಯಾರಿಗೆ ತೋರಿಸಬೇಕು?" ಕೆಲವು ವರ್ಷಗಳಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ತಾಯಂದಿರು, ಅದೂ ಮನೆಯವರೆಲ್ಲ ಮಲಗಿದ ಮೇಲೆ, ರಾತ್ರಿ ಹನ್ನೊಂದರ ನಂತರ. ಒಬ್ಬೊಬ್ಬರಿಗೂ ತುಂಡುತುಂಡಾಗಿ ಉತ್ತರ ಬರೆದು ಏನಾದರೊಂದು ಬಿಟ್ಟುಹೋಗುತ್ತಿತ್ತು. ಹಾಗಾಗಿ ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ. ನಾನು ವೈದ್ಯೆ ಅಲ್ಲ, ನನ್ನ ಮಗನನ್ನು ಕರೆದುಕೊಂಡು ಈ ದಾರಿ ನಡೆದ ತಾಯಿ. ನಂತರ ಹಲವು ಮನೆಯವರ ಜೊತೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ.

ಮೊದಲೇ ಒಂದು ಮಾತು. ಆಟಿಸಂಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗು ಹೇಗೆ ಆಡುತ್ತದೆ, ಹೇಗೆ ಬೆರೆಯುತ್ತದೆ ಎಂದು ಕಣ್ಣಾರೆ ನೋಡಿ, ಹುಟ್ಟಿದಾಗಿನಿಂದ ಬೆಳೆದು ಬಂದ ಬಗೆಯನ್ನು ನಿಮ್ಮಿಂದ ಕೇಳಿ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಅವರ ಕೋಣೆಯಲ್ಲಿ ಮಗು ಇರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಹೊಸ ಜಾಗ, ಹೊಸ ಮುಖ, ಹಸಿವು, ನಿದ್ದೆ. ಅಲ್ಲಿ ಕಾಣುವ ಮಗುವೇ ಬೇರೆ, ನಿಮ್ಮ ಹಜಾರದಲ್ಲಿ ಓಡಾಡುವ ಮಗುವೇ ಬೇರೆ. ಮನೆಯ ಮಗುವನ್ನು ಆ ಕೋಣೆಯವರೆಗೆ ತಲುಪಿಸುವುದು ನಿಮ್ಮ ಕೆಲಸ. ಕೆಳಗೆ ಹೇಳುವ ಬಹುಪಾಲು ಸಿದ್ಧತೆ ಅದಕ್ಕಾಗಿಯೇ.

ಇನ್ನು ಹೆಸರು. ಪತ್ರಿಕೆಗಳಲ್ಲಿ 'ಸ್ವಲೀನತೆ' ಎಂದು ಬರೆಯುತ್ತಾರೆ, ಆಸ್ಪತ್ರೆಯಲ್ಲಿ ಎಲ್ಲರೂ 'ಆಟಿಸಂ' ಅಥವಾ 'ಎಎಸ್‌ಡಿ' ಎನ್ನುತ್ತಾರೆ. ಎಎಸ್‌ಡಿ ಎಂದರೆ ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್. ಒಂದೊಂದು ಮಗುವಿನಲ್ಲಿ ಒಂದೊಂದು ರೀತಿ, ಒಂದೊಂದು ಪ್ರಮಾಣದಲ್ಲಿ ಕಾಣುವುದರಿಂದ 'ಸ್ಪೆಕ್ಟ್ರಂ' ಎಂಬ ಪದ. ಇದು ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ, ಲಸಿಕೆಯಿಂದ ಬಂದದ್ದಲ್ಲ, ಬಸುರಿಯಿದ್ದಾಗ ನೀವು ಕೆಲಸಕ್ಕೆ ಹೋಗಿದ್ದರಿಂದಲೂ ಅಲ್ಲ.

1. ಮಾತಿನ ಆಚೆಗೂ ನೋಡಿ

ಮಾತು ತಡವಾಗಿದೆ ಎಂಬುದೊಂದನ್ನೇ ಹಿಡಿದುಕೊಂಡು ಹೆಚ್ಚಿನವರು ಆಸ್ಪತ್ರೆಗೆ ಬರುತ್ತಾರೆ. ಆದರೆ ತಜ್ಞರಿಗೆ ಬೇಕಾದ್ದು, ಮಾತಿಲ್ಲದೆಯೇ ಮಗು ಎಷ್ಟನ್ನು ಹೇಳುತ್ತದೆ ಎಂಬುದು. ಒಂದು ವರ್ಷದ ಹೊತ್ತಿಗೆ ಮಗು ಹೆಸರು ಕರೆದರೆ ತಿರುಗುತ್ತದೆ, ಟಾಟಾ ಮಾಡುತ್ತದೆ, ಎತ್ತಿಕೋ ಎಂದು ಕೈ ಚಾಚುತ್ತದೆ. ಒಂದೂವರೆ ವರ್ಷದೊಳಗೆ ಬೆರಳು ಮಾಡಿ ತೋರಿಸುತ್ತದೆ. ಈ ಬೆರಳು ತೋರಿಸುವುದರಲ್ಲೂ ಎರಡು ಬಗೆ. ಬಿಸ್ಕತ್ ಡಬ್ಬಿ ಬೇಕು ಎಂದು ತೋರಿಸುವುದು ಒಂದು. ಬೀದಿಯಲ್ಲಿ ಹೋಗುವ ಹಸುವನ್ನು ತೋರಿಸಿ, ಅಮ್ಮನೂ ನೋಡಿದಳಾ ಎಂದು ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಈ ಎರಡನೆಯದನ್ನು ತಜ್ಞರು 'ಜಾಯಿಂಟ್ ಅಟೆನ್ಷನ್' ಎನ್ನುತ್ತಾರೆ, ಅಂದರೆ ಒಂದೇ ವಸ್ತುವನ್ನು ಇಬ್ಬರೂ ಕೂಡಿ ನೋಡುವ ಸಂತೋಷ. ಅದು ಇದೆಯೇ ಇಲ್ಲವೇ ಎಂಬುದು ಬಹಳ ಮುಖ್ಯವಾದ ಸುಳಿವು.

ಇನ್ನೂ ಕೆಲವನ್ನು ಗಮನಿಸಿ. ಸುಳ್ಳು ಅಡುಗೆ ಮಾಡಿ ಬೊಂಬೆಗೆ ತಿನ್ನಿಸುವಂಥ ನಟನೆಯ ಆಟ ಆಡುತ್ತದೆಯೇ? ಅಥವಾ ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುವುದು, ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು, ತಿರುಗುವ ಫ್ಯಾನನ್ನೇ ನೋಡುತ್ತಾ ನಿಲ್ಲುವುದು ಇದರಲ್ಲೇ ಹೊತ್ತು ಹೋಗುತ್ತದೆಯೇ? ಬೇಕಾದ್ದನ್ನು ಕೇಳಲು ನಿಮ್ಮ ಮುಖ ನೋಡದೆ, ನಿಮ್ಮ ಕೈ ಹಿಡಿದು ಆ ವಸ್ತುವಿನ ಮೇಲೆ ಇಡುತ್ತದೆಯೇ? ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಕಿರುಚುವುದು, ಕೂದಲು ಕತ್ತರಿಸಲು ಬಿಡದಿರುವುದು, ಬಿಳಿ ಅನ್ನ ಬಿಟ್ಟು ಬೇರೇನೂ ಮುಟ್ಟದಿರುವುದು ಇದೆಯೇ? ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಆ ಪ್ರಶ್ನೆಯನ್ನೇ ತಿರುಗಿ ಹೇಳುತ್ತದೆಯೇ? "ಊಟ ಬೇಕಾ?" ಎಂದರೆ "ಊಟ ಬೇಕಾ" ಎನ್ನುವುದು. ಇದಕ್ಕೆ 'ಎಕೋಲೇಲಿಯ' ಎನ್ನುತ್ತಾರೆ. ಎ ಬಿ ಸಿ ಡಿ ಪೂರ್ತಿ ಒಪ್ಪಿಸುವ ಮಗು "ನೀರು ಕೊಡು" ಎಂದು ಕೇಳದಿದ್ದರೆ, ಮಾತು ಬಂದಿದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ.

ಇದರಲ್ಲಿ ಒಂದೆರಡು ಇದ್ದ ಮಾತ್ರಕ್ಕೆ ಆಟಿಸಂ ಎಂದಲ್ಲ. ಹಲವು ಒಟ್ಟಿಗೆ ಇದ್ದರೆ, ಅಥವಾ 16 ತಿಂಗಳಾದರೂ ಒಂದು ಪದ ಇಲ್ಲದಿದ್ದರೆ, 24 ತಿಂಗಳಾದರೂ ಎರಡು ಪದ ಜೋಡಿಸಿ ತಾನಾಗಿ ಹೇಳದಿದ್ದರೆ ತೋರಿಸಿಬಿಡಿ. ಬಂದಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲೇ ಆಗಲಿ ಒಂದು ವಾರವೂ ಕಾಯಬೇಡಿ.

ಹೆಣ್ಣು ಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕು. ಗಂಡು ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಆಟಿಸಂ ಗುರುತಿಸುವುದು ಕಡಿಮೆ, ಗುರುತಿಸಿದರೂ ತಡ. ಬೇರೆ ಮಕ್ಕಳನ್ನು ನೋಡಿ ಅನುಕರಿಸಿ ಹೊಂದಿಕೊಂಡಂತೆ ಕಾಣುತ್ತಾರೆ. "ನಾಚಿಕೆ ಸ್ವಭಾವ", "ತುಂಬಾ ಸಾಧು" ಎಂದು ಸುಮ್ಮನಾಗುತ್ತೇವೆ.

2. "ಕಾಯಿರಿ" ಎನ್ನುವವರಿಗೆ ಏನು ಹೇಳಬೇಕು

"ಗಂಡು ಮಕ್ಕಳಿಗೆ ಮಾತು ನಿಧಾನ." "ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು." "ಬಜೆ ತೇಯ್ದು ನಾಲಿಗೆಗೆ ಹಚ್ಚು." ಈ ಮೂರನ್ನೂ ಕೇಳದ ಮನೆಯೇ ಇಲ್ಲ. ಹೇಳುವವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಹರಕೆ ಹೊರುವುದಾದರೆ ಹೊರಲಿ, ಆಸ್ಪತ್ರೆಯ ದಿನಾಂಕವೂ ನಿಗದಿಯಾಗಲಿ. ನಾನು ಹಿರಿಯರಿಗೆ ಹೇಳುತ್ತಿದ್ದುದು ಇಷ್ಟು: "ತೋರಿಸಿ ಏನೂ ಇಲ್ಲ ಅಂದ್ರೆ ಒಂದು ದಿನ ಹೋಯ್ತು ಅಷ್ಟೇ. ತೋರಿಸದೆ ಏನಾದರೂ ಇದ್ದರೆ ವರ್ಷಾನುಗಟ್ಟಲೆ ಹೋಗುತ್ತೆ ಅತ್ತೆ."

ಕಷ್ಟ ಬರುವುದು ವೈದ್ಯರೇ ಕಾಯಲು ಹೇಳಿದಾಗ. ನಮಗೂ ಹಾಗೇ ಆಯಿತು. ಮಗನಿಗೆ ಇಪ್ಪತ್ತೆರಡು ತಿಂಗಳಿದ್ದಾಗ ಒಬ್ಬ ವೈದ್ಯರು ಐದು ನಿಮಿಷ ನೋಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಲ್ಲ, ಮೂರು ವರ್ಷದ ತನಕ ನೋಡೋಣ ಎಂದರು. ಎಂಟು ತಿಂಗಳು ಹೋಯಿತು. ಆಟಿಸಂ ಇರುವ ಎಷ್ಟೋ ಮಕ್ಕಳು ಕಣ್ಣು ಸೇರಿಸಿ ನೋಡುತ್ತಾರೆ, ನಗುತ್ತಾರೆ, ಅಮ್ಮನನ್ನು ತಬ್ಬಿಕೊಳ್ಳುತ್ತಾರೆ. ಅದೊಂದನ್ನು ನೋಡಿ ಇಲ್ಲ ಎನ್ನಲು ಬರುವುದಿಲ್ಲ. ನಿಮಗೂ ಹೀಗಾದರೆ ಇನ್ನೊಬ್ಬರಿಗೆ ತೋರಿಸಿ.

'ವರ್ಚುಯಲ್ ಆಟಿಸಂ' ಎಂಬ ಮಾತು ಈಗ ಬಹಳ ಓಡಾಡುತ್ತಿದೆ, ಮೊಬೈಲ್ ನೋಡಿದ್ದರಿಂದ ಬಂದದ್ದು ಎಂಬ ಅರ್ಥದಲ್ಲಿ. ವೈದ್ಯಕೀಯ ವರ್ಗೀಕರಣದಲ್ಲಿ ಅಂಥ ಹೆಸರಿನ ಕಾಯಿಲೆ ಇಲ್ಲ. ಮೊಬೈಲ್, ಟಿವಿ ಇವತ್ತೇ ನಿಲ್ಲಿಸಿ, ಒಳ್ಳೆಯದೇ. ಆದರೆ "ಮೂರು ತಿಂಗಳು ಮೊಬೈಲ್ ಬಿಡಿಸಿ ನೋಡಿ, ಆಮೇಲೆ ಬನ್ನಿ" ಎಂದರೆ ಒಪ್ಪಬೇಡಿ. ಎರಡೂ ಒಟ್ಟಿಗೆ ನಡೆಯಲಿ.

3. ಒಂದು ನೋಟ್‌ಬುಕ್, ಐದು ವಿಡಿಯೊ

ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಮೊದಲ ಪುಟಗಳಲ್ಲಿ ಬಸುರಿ, ಬಾಣಂತನದ ವಿವರ: ಎಷ್ಟು ತಿಂಗಳಿಗೆ ಹೆರಿಗೆ, ಹುಟ್ಟಿದ ಕೂಡಲೇ ಅತ್ತಿತೇ, ತೂಕ ಎಷ್ಟು, ಕಾಮಾಲೆ ಬಂದಿತ್ತೇ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೇ, ಫಿಟ್ಸ್ ಬಂದಿತ್ತೇ. ಆಮೇಲೆ ಕತ್ತು ನಿಂತದ್ದು, ಕೂತದ್ದು, ನಡೆದದ್ದು, ಮೊದಲ ಮಾತು ಯಾವ ತಿಂಗಳಲ್ಲಿ. ನೆನಪಿಲ್ಲದಿದ್ದರೆ ಫೋನಿನ ಹಳೆಯ ಫೋಟೊ, ವಿಡಿಯೊ ತೆಗೆದು ದಿನಾಂಕ ನೋಡಿ. ಮೊದಲ ಹುಟ್ಟುಹಬ್ಬದ ವಿಡಿಯೊ ಅಂತೂ ಖಂಡಿತ ಹುಡುಕಿ. ಆಗ ಹೆಸರಿಗೆ ತಿರುಗುತ್ತಿತ್ತೇ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಎರಡೂ ಕಡೆಯ ಕುಟುಂಬದಲ್ಲಿ ಮಾತು ತಡವಾದವರು, ಫಿಟ್ಸ್ ಇರುವವರು ಇದ್ದರೆ ಮುಚ್ಚಿಡದೆ ಬರೆಯಿರಿ.

ನಂತರದ ಪುಟಗಳಲ್ಲಿ ಎರಡು ವಾರ ದಿನಾ ಎರಡು ಸಾಲು. "ಹಟ ಜಾಸ್ತಿ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಅಂಗಡಿಗೆ ಬೇರೆ ರಸ್ತೆಯಲ್ಲಿ ಹೋಗಿದ್ದಕ್ಕೆ ನೆಲದ ಮೇಲೆ ಬಿದ್ದು ಇಪ್ಪತ್ತು ನಿಮಿಷ ಅತ್ತ, ಮಾಮೂಲಿ ರಸ್ತೆಗೆ ವಾಪಸ್ ಬಂದ ಕೂಡಲೇ ನಿಲ್ಲಿಸಿದ" ಎಂದು ಬರೆದರೆ ತಜ್ಞರಿಗೆ ಅರ್ಧ ಕೆಲಸ ಮುಗಿದಂತೆ. ಮಗು ತಾನಾಗಿ ಹೇಳುವ ಪದಗಳ ಪಟ್ಟಿಯೂ ಇರಲಿ. ತಿರುಗಿ ಹೇಳುವ ಪದಗಳನ್ನು ಬೇರೆ ಬರೆಯಿರಿ. ಮಗು ಏನೇನು ಚೆನ್ನಾಗಿ ಮಾಡುತ್ತದೆ ಎಂಬುದಕ್ಕೂ ಒಂದು ಪುಟ ಇರಲಿ.

ವಿಡಿಯೊ ಒಂದೊಂದೂ ಎರಡು ನಿಮಿಷ ಸಾಕು:

- ಒಬ್ಬನೇ ಆಡುವಾಗ, ನೀವು ಮಧ್ಯೆ ಮಾತಾಡಿಸದೆ
- ಹಿಂದಿನಿಂದ ಎರಡು ಸಲ ಹೆಸರು ಕರೆದಾಗ
- ಊಟದ ಹೊತ್ತು
- ಬೇರೆ ಮಕ್ಕಳ ಜೊತೆ, ಪಾರ್ಕಿನಲ್ಲೋ ಮದುವೆ ಮನೆಯಲ್ಲೋ
- ಸಿಟ್ಟು ಬಂದಾಗ, ಅಥವಾ ಕೈ ಬಡಿಯುವುದು, ಗಿರಗಿರನೆ ತಿರುಗುವುದು ಇಂಥದ್ದು ಮಾಡುವಾಗ

"ಹಾಯ್ ಹೇಳು ಪುಟ್ಟ, ಮೂಗು ಎಲ್ಲಿ ತೋರಿಸು" ಎಂದು ಆಡಿಸುತ್ತಾ ತೆಗೆದ ವಿಡಿಯೊ ಪ್ರಯೋಜನಕ್ಕೆ ಬರುವುದಿಲ್ಲ. ಮಗು ಚೆನ್ನಾಗಿ ಕಾಣಲಿ ಎಂಬ ಆಸೆ ನಮಗೆಲ್ಲ ಇರುತ್ತದೆ, ಈ ಐದು ವಿಡಿಯೊ ಮಟ್ಟಿಗೆ ಅದನ್ನು ಬದಿಗಿಡಿ.

ಮಗುವಿಗೆ 16ರಿಂದ 30 ತಿಂಗಳಾಗಿದ್ದರೆ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ಹೌದು-ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳು, ಮನೆಯಲ್ಲೇ ತುಂಬಬಹುದು. ಅಂಕ 2ರ ಒಳಗಿದ್ದರೆ ಅಪಾಯ ಕಡಿಮೆ, 3ರಿಂದ 7 ಬಂದರೆ ಮತ್ತಷ್ಟು ವಿವರವಾಗಿ ಕೇಳಿ ನೋಡಬೇಕು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಪಾಸಣೆ. ಇದು ಜರಡಿ ಮಾತ್ರ. ಅಂಕ ಕಡಿಮೆ ಬಂದರೂ ನಿಮ್ಮ ಮನಸ್ಸು ಒಪ್ಪದಿದ್ದರೆ ಹೋಗಿ.

4. ಮೊದಲು ಕಿವಿ

ಹೆಸರಿಗೆ ತಿರುಗದ ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂದು ಖಚಿತವಾಗಬೇಕು. "ಟಿವಿ ಜಾಹೀರಾತು ಬಂದರೆ ಓಡಿ ಬರುತ್ತೆ, ಕಿವಿ ಸರಿಯಿದೆ" ಎಂದು ನಾವೇ ತೀರ್ಮಾನಿಸುವಂತಿಲ್ಲ. ಕೆಲವು ಶಬ್ದ ಕೇಳಿಸಿ, ಕೆಲವು ಕೇಳಿಸದ ಮಕ್ಕಳಿದ್ದಾರೆ. ಕಿವಿ ವರದಿ ಇಲ್ಲದೆ ಹೋದರೆ ಹೆಚ್ಚಿನ ಕಡೆ ಅದನ್ನು ಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಾರೆ, ಸರದಿ ಕೈತಪ್ಪುತ್ತದೆ.

ಚಿಕ್ಕ ಮಕ್ಕಳಿಗೆ ಮಾಡುವುದು ಎರಡು. ಒಂದು ಓಎಇ, ಕಿವಿಯಲ್ಲಿ ಸಣ್ಣ ಬಿರಡೆಯಂಥದ್ದನ್ನಿಟ್ಟು ಕೆಲವು ನಿಮಿಷದಲ್ಲಿ ಮುಗಿಸುತ್ತಾರೆ. ಇನ್ನೊಂದು 'ಬೆರಾ', ತಲೆಗೆ ಅಂಟು ತಂತಿಗಳನ್ನು ಹಚ್ಚಿ, ಶಬ್ದಕ್ಕೆ ಕಿವಿಯ ನರ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ಬಸ್ಸಿನಲ್ಲಿ, ಕಾರಿನಲ್ಲಿ ಒಂದು ಕ್ಷಣವೂ ಕಣ್ಣು ಮುಚ್ಚಲು ಬಿಡಬೇಡಿ. ದಾರಿಯಲ್ಲಿ ಹತ್ತು ನಿಮಿಷ ನಿದ್ದೆ ಹೋದ ಮಗು ಆಮೇಲೆ ಔಷಧಿ ಕೊಟ್ಟರೂ ಮಲಗುವುದಿಲ್ಲ. ಮಲಗಿಸುವ ಔಷಧಿ ಕೊಡುವುದಾದರೆ ಅಲ್ಲೇ, ವೈದ್ಯರ ಎದುರಿಗೇ. ಮಗು ಸದಾ ಹೊದ್ದುಕೊಳ್ಳುವ ಹೊದಿಕೆ ಜೊತೆಗಿರಲಿ, ಔಷಧಿ ಕೊಡುವ ಮುಂಚೆ ಹಾಲು, ಊಟ ಕೊಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

5. ಎಲ್ಲಿಗೆ, ಯಾರ ಹತ್ತಿರ

ಆಟಿಸಂ ಇದೆ ಎಂದು ನಿರ್ಧರಿಸಬೇಕಾದವರು ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರು (ಡೆವಲಪ್‌ಮೆಂಟಲ್ ಪೀಡಿಯಾಟ್ರಿಷಿಯನ್), ಮಕ್ಕಳ ಮನೋವೈದ್ಯರು ಅಥವಾ ಮಕ್ಕಳ ನರರೋಗ ತಜ್ಞರು. ಇವರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ವಾಕ್-ಶ್ರವಣ ತಜ್ಞರು ಇರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ ನೋಡಿ, ಸಂಕೋಚ ಬೇಡ. ಬೀದಿಗೊಂದು ಥೆರಪಿ ಸೆಂಟರ್ ಇರುವ ಈ ಕಾಲದಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಆಸ್ಪತ್ರೆ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಜನ ಹೇಳುವುದು 'ಆಯಿಷ್') ಇದೆ. ಕಿವಿ, ಮಾತು, ಮನಶ್ಶಾಸ್ತ್ರ ಮೂರೂ ಒಂದೇ ಆವರಣದಲ್ಲಿ ಸಿಗುವುದು ಅಲ್ಲಿನ ದೊಡ್ಡ ಅನುಕೂಲ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಕರಾವಳಿಯವರಿಗೆ ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ದೂರ ಹೋಗುವುದು ಕಷ್ಟವಾದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ 'ಡಿಇಐಸಿ' ಎಲ್ಲಿದೆ ಎಂದು ವಿಚಾರಿಸಿ. ಅದು ಜಿಲ್ಲಾ ಶೀಘ್ರ ಪತ್ತೆ ಮತ್ತು ಆರೈಕೆಯ ಕೇಂದ್ರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಭಾಗವಾಗಿ, ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ತಪಾಸಣೆ ಉಚಿತ. ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೂ ಬರುತ್ತದೆ. ಅಂಗನವಾಡಿ ಟೀಚರ್‌ಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ತಂಡ ಬರುವ ದಿನ ತಿಳಿಸುತ್ತಾರೆ, ರೆಫರಲ್ ಚೀಟಿಯೂ ಸಿಗುತ್ತದೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಭಾಷೆಯ ಬಗ್ಗೆ ಎಚ್ಚರ ಇರಲಿ. ಮನೆಯಲ್ಲಿ ಕನ್ನಡ, ತುಳು ಅಥವಾ ಉರ್ದು ಕೇಳಿ ಬೆಳೆದ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ "ಆದೇಶ ಅರ್ಥವಾಗುವುದಿಲ್ಲ" ಎಂದು ಬರೆದ ವರದಿ ನಾನು ನೋಡಿದ್ದೇನೆ. ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಮನೆಯ ಭಾಷೆ ತಿಳಿಸಿ. "ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಎರಡು ಭಾಷೆ ಆದರೆ ಮಗುವಿಗೆ ಗೊಂದಲ" ಎನ್ನುವವರೂ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಅಜ್ಜಿಗೆ ಇಂಗ್ಲಿಷ್ ಬಾರದು, ಆ ಸಲಹೆ ಪಾಲಿಸಿದರೆ ಮಗುವಿನ ಜೊತೆ ದಿನವಿಡೀ ಇರುವ ಅಜ್ಜಿಯೇ ಮೂಕಿಯಾಗುತ್ತಾಳೆ. ನಿಮ್ಮ ಭಾಷೆಯಲ್ಲೇ ಮಾತಾಡಿ.

ಹೊರದೇಶದಲ್ಲಿರುವವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ 3 ವರ್ಷದೊಳಗಿನ ಮಗುವಿಗೆ ನಿಮ್ಮ ರಾಜ್ಯದ ಅರ್ಲಿ ಇಂಟರ್ವೆನ್ಷನ್ ವಿಭಾಗಕ್ಕೆ ನೀವೇ ಕರೆ ಮಾಡಬಹುದು, ವೈದ್ಯರ ಚೀಟಿ ಬೇಕಿಲ್ಲ. 3 ದಾಟಿದ್ದರೆ ಸ್ಥಳೀಯ ಶಾಲಾ ಡಿಸ್ಟ್ರಿಕ್ಟ್‌ಗೆ ತಪಾಸಣೆ ಕೋರಿ ಲಿಖಿತವಾಗಿ ಬರೆಯಿರಿ. ಬ್ರಿಟನ್‌ನಲ್ಲಿ ಜಿಪಿ (ನಿಮ್ಮ ಕುಟುಂಬ ವೈದ್ಯರು) ಅಥವಾ ಹೆಲ್ತ್ ವಿಸಿಟರ್ (ಚಿಕ್ಕ ಮಕ್ಕಳನ್ನು ನೋಡಲು ಮನೆಗೆ ಬರುವ ನರ್ಸ್) ಮೂಲಕ ಹೋಗಬೇಕು. ಎರಡೂ ಕಡೆ ದುಭಾಷಿ ಬೇಕಾದರೆ ಕೇಳಿ.

6. ತಪಾಸಣೆಯ ದಿನ

ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಮೊದಲ ದಿನ ನೋಂದಣಿ, ಪ್ರಾಥಮಿಕ ಮಾತುಕತೆಯಲ್ಲೇ ಮುಗಿಯಬಹುದು. ಪೂರ್ತಿ ತಪಾಸಣೆಗೆ ಎರಡು ಮೂರು ಸಲ ಬರಬೇಕಾಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ. ತಾಯಿ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕಿವಿ ವರದಿ, ಆಧಾರ್, ರೇಷನ್ ಕಾರ್ಡ್ (ಬಿಪಿಎಲ್ ಇದ್ದರೆ ರಿಯಾಯಿತಿಗೆ ಬೇಕಾಗುತ್ತದೆ), ನೋಟ್‌ಬುಕ್, ಚಾರ್ಜ್ ಇರುವ ಫೋನ್ ತೆಗೆದುಕೊಳ್ಳಿ. ಮಗು ತಿನ್ನುವ ತಿಂಡಿ ಮನೆಯಿಂದಲೇ ಇರಲಿ, ಕ್ಯಾಂಟೀನನ್ನು ನಂಬಬೇಡಿ. ಅಪ್ಪ ಅಮ್ಮ ಇಬ್ಬರೂ ಹೋಗಿ. ಹಗಲೆಲ್ಲ ಅಜ್ಜಿ ನೋಡಿಕೊಳ್ಳುತ್ತಿದ್ದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಹೆಚ್ಚಿನ ಪ್ರಶ್ನೆಗೆ ಉತ್ತರ ಅವರ ಹತ್ತಿರವೇ ಇರುತ್ತದೆ.

ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಎದೆಬಡಿತ ಸ್ವಲ್ಪ ಕಡಿಮೆಯಾಗುತ್ತದೆ. ನನ್ನ ಮಗನನ್ನು ನೋಡಿದ ಸೈಕಾಲಜಿಸ್ಟ್ ಚಾಪೆ ಹಾಸಿ ನೆಲದ ಮೇಲೆ ಕೂತಿದ್ದರು. ಸೋಪಿನ ಗುಳ್ಳೆ ಊದುವ ಡಬ್ಬಿ ತೆಗೆದು ನಾಲ್ಕು ಸಲ ಊದಿದರು, ಅವನು ಕುಣಿದ. ಆಮೇಲೆ ಮುಚ್ಚಳ ಬಿಗಿಯಾಗಿ ಹಾಕಿ ಡಬ್ಬಿಯನ್ನು ಅವನ ಮುಂದಿಟ್ಟು ಸುಮ್ಮನೆ ಕೂತರು. ಅವನು ಅವರ ಮುಖ ನೋಡಲಿಲ್ಲ. ಅವರ ಮಣಿಕಟ್ಟು ಹಿಡಿದು, ಬೆರಳುಗಳನ್ನು ಮುಚ್ಚಳದ ಮೇಲೆ ಇಟ್ಟ. ಅವರು ಏನೋ ಗುರುತು ಹಾಕಿಕೊಂಡರು. ಮನೆಯಲ್ಲಿ ಬಾಟಲಿ ತೆರೆಸಲು ಅವನು ದಿನಕ್ಕೆ ಹತ್ತು ಸಲ ಹಾಗೇ ಮಾಡುತ್ತಿದ್ದ. "ಎಷ್ಟು ಬುದ್ಧಿ ನೋಡು" ಎಂದು ನಾವು ಖುಷಿಪಡುತ್ತಿದ್ದೆವು. ಬುದ್ಧಿ ಇತ್ತು, ನಿಜ. ಕೇಳಲು ಮನುಷ್ಯರ ಮುಖವನ್ನೂ ನೋಡಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ.

ಹಾಗಾಗಿ ಕೋಣೆಯಲ್ಲಿ ಮಗುವಿಗೆ ಸಹಾಯ ಮಾಡಬೇಡಿ. "ಆಂಟಿಗೆ ಕೊಡು, ಕೇಳು, ಪ್ಲೀಸ್ ಹೇಳು" ಎಂದು ನೀವು ತುಂಬಿಕೊಟ್ಟರೆ ಅವರು ನೋಡಬೇಕಾದ್ದೇ ಮರೆಯಾಗುತ್ತದೆ. ಮಗು ಅತ್ತರೆ, ಓಡಿದರೆ, ಏನನ್ನೂ ಮಾಡದಿದ್ದರೆ ಕ್ಷಮೆ ಕೇಳುವುದು ಬೇಕಿಲ್ಲ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಇವತ್ತು ಇಲ್ಲಿ ಕಂಡದ್ದು ಮನೆಯಲ್ಲಿ ಇರುವ ಹಾಗೆಯೇ ಇತ್ತೇ ಎಂದು ನಾನು ಹೇಳಬಹುದಾ?" ಇಲ್ಲವಾದರೆ ಯಾವುದು ಬೇರೆ ಎಂದು ಹೇಳಿ, ವಿಡಿಯೊ ತೋರಿಸಿ.

7. ಚೀಟಿಯಲ್ಲಿ ಬರುವ ಹೆಸರುಗಳು

ಐಎಸ್‌ಎಎ: ಭಾರತದ್ದೇ ಆಟಿಸಂ ಮಾಪಕ. 40 ಅಂಶಗಳಿಗೆ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಎನ್ನುವುದಿಲ್ಲ, 70–106 ಸೌಮ್ಯ, 107–153 ಮಧ್ಯಮ, ಅದರ ಮೇಲೆ ತೀವ್ರ.

ಕಾರ್ಸ್: 15 ಅಂಶಗಳ ಮಾಪಕ, 30 ಮತ್ತು ಅದಕ್ಕಿಂತ ಹೆಚ್ಚಾದರೆ ಆಟಿಸಂ ಕಡೆಗೆ ಬೆರಳು ಮಾಡುತ್ತದೆ.

ಆಡೋಸ್: ಮೇಲೆ ಹೇಳಿದ ಗುಳ್ಳೆಯಂಥ ಆಟಗಳನ್ನು ಕ್ರಮಬದ್ಧವಾಗಿ ಆಡಿಸಿ ನೋಡುವ ಪರೀಕ್ಷೆ. ತರಬೇತಿ ಪಡೆದವರೇ ಮಾಡಬೇಕು. ಖಾಸಗಿಯಲ್ಲಿ ದುಬಾರಿ, ಎಲ್ಲ ಮಕ್ಕಳಿಗೂ ಬೇಕೇಬೇಕು ಎಂದೇನಿಲ್ಲ.

ಡಿಎಸ್‌ಟಿ, ವಿಎಸ್‌ಎಂಎಸ್: ಆಟಿಸಂ ಪರೀಕ್ಷೆಗಳಲ್ಲ. ಮಗುವಿನ ಒಟ್ಟು ಬೆಳವಣಿಗೆ ಮತ್ತು ಉಣ್ಣುವುದು, ಉಡುವುದು, ಬೆರೆಯುವುದು ಯಾವ ವಯಸ್ಸಿನ ಮಟ್ಟದಲ್ಲಿದೆ ಎಂದು ತಿಳಿಸುತ್ತವೆ. ಇಲ್ಲಿ ಬರುವ 'ಡಿಕ್ಯು' (ಬೆಳವಣಿಗೆಯ ಅಂಕ), 'ಎಸ್‌ಕ್ಯು' (ಸಾಮಾಜಿಕ ಬೆಳವಣಿಗೆಯ ಅಂಕ) ಸಂಖ್ಯೆಗಳನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಮಾತಿಲ್ಲದ, ಸಹಕರಿಸದ ಎರಡೂವರೆ ವರ್ಷದ ಮಗುವಿನ ಈ ಸಂಖ್ಯೆ ಮುಂದಿನ ವರ್ಷಗಳಲ್ಲಿ ಬದಲಾಗಬಹುದು.

ಎಂಆರ್‌ಐ, ಇಇಜಿ ಎಲ್ಲರಿಗೂ ಬೇಕಿಲ್ಲ. ಫಿಟ್ಸ್ ಅನುಮಾನ, ಬಂದ ಮಾತು ನಿಂತುಹೋದದ್ದು, ನಡಿಗೆಯಲ್ಲಿ ಅಥವಾ ತಲೆಯ ಅಳತೆಯಲ್ಲಿ ವ್ಯತ್ಯಾಸ ಇಂಥ ಕಾರಣ ಇದ್ದಾಗ ಬರೆಯುತ್ತಾರೆ. "ಇದರಿಂದ ಏನು ಗೊತ್ತಾಗಬೇಕು ಡಾಕ್ಟ್ರೇ?" ಎಂದು ಕೇಳಿ. ಕೂದಲು, ಉಗುರಿನಲ್ಲಿ ಲೋಹದ ಅಂಶ ನೋಡುತ್ತೇವೆ ಎನ್ನುವ ಪ್ಯಾಕೇಜುಗಳಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

8. ವರದಿ ಕೈಗೆ ಬಂದಾಗ

ಅಲ್ಲೇ ಕೂತು ಓದಿ. ಯಾರು ನೋಡಿದರು, ಯಾವ ಪರೀಕ್ಷೆ, ಎಷ್ಟು ಅಂಕ, ಏನು ತೀರ್ಮಾನ, ಮುಂದೇನು ಮಾಡಬೇಕು ಎಲ್ಲ ಇರಬೇಕು. ಸಹಿ, ಮೊಹರು, ನೋಂದಣಿ ಸಂಖ್ಯೆ ನೋಡಿ. ಹೆಸರಿನ ಅಕ್ಷರ ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇರುವ ಹಾಗೆಯೇ ಇವೆಯೇ? ಈ ಚಿಕ್ಕ ತಪ್ಪು ಮುಂದೆ ಪ್ರಮಾಣಪತ್ರಕ್ಕೆ ಹೋದಾಗ ಇನ್ನೊಂದು ಸಲ ಆಸ್ಪತ್ರೆಗೆ ಓಡಾಡಿಸುತ್ತದೆ.

'ಅಟ್ ರಿಸ್ಕ್', 'ಪ್ರಾವಿಷನಲ್', 'ಆಟಿಸ್ಟಿಕ್ ಫೀಚರ್ಸ್' ಎಂದಿದ್ದರೆ, ಲಕ್ಷಣಗಳಿವೆ, ಇನ್ನೂ ಕೆಲಕಾಲ ನೋಡಿ ಖಚಿತಪಡಿಸುತ್ತೇವೆ ಎಂದರ್ಥ. ಏನೂ ಇಲ್ಲ ಎಂದು ಓದಿಕೊಂಡು ಸುಮ್ಮನಾಗುವವರೇ ಹೆಚ್ಚು. ಹಾಗೆ ಮಾಡಬೇಡಿ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಕಲಿಸುವ ತರಬೇತಿ) ಶುರು ಮಾಡಲು ಖಚಿತವಾದ ಹೆಸರಿಗೆ ಕಾಯಬೇಕಿಲ್ಲ. 'ಲೆವೆಲ್ 1, 2, 3' ಎಂದರೆ ಮಗುವಿಗೆ ಎಷ್ಟು ಆಸರೆ ಬೇಕು ಎಂಬ ಅಳತೆ, 3 ಎಂದರೆ ಅತಿ ಹೆಚ್ಚು. ಹಳೆಯ ಚೀಟಿಗಳಲ್ಲಿ ಆಸ್ಪರ್ಗರ್, ಪಿಡಿಡಿ ಎಂದಿರುತ್ತಿತ್ತು. 2013ರಿಂದ ಅವೆಲ್ಲ ಎಎಸ್‌ಡಿ ಎಂಬ ಒಂದೇ ಹೆಸರಿನ ಕೆಳಗೆ ಬಂದಿವೆ.

ತೀರ್ಮಾನ ಆಟಿಸಂ ಅಲ್ಲ ಎಂದೂ ಬರಬಹುದು: ಬರೀ ಭಾಷೆಯ ವಿಳಂಬ, ಶ್ರವಣ ದೋಷ, ಒಟ್ಟು ಬೆಳವಣಿಗೆಯ ವಿಳಂಬ. ಆಗಲೂ ಥೆರಪಿ ಬೇಕಾಗುತ್ತದೆ, ಆರು ತಿಂಗಳಿಗೆ ಮತ್ತೆ ತೋರಿಸಿ. ವರದಿ ಒಪ್ಪಿಗೆಯಾಗದಿದ್ದರೆ ಇನ್ನೊಂದು ಕಡೆ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಆದರೆ "ಇಲ್ಲ" ಎನ್ನುವವರು ಸಿಗುವ ತನಕ ಐದಾರು ಕಡೆ ಸುತ್ತುವುದನ್ನು ನಾನು ನೋಡಿದ್ದೇನೆ, ಅಷ್ಟರಲ್ಲಿ ಮಗುವಿಗೆ ನಾಲ್ಕು ವರ್ಷ ಆಗಿರುತ್ತದೆ. ಎರಡನೆಯ ಅಭಿಪ್ರಾಯ ಸಾಕು.

9. ಪ್ರಮಾಣಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಖಾಸಗಿ ಆಸ್ಪತ್ರೆಯ ವರದಿಯೇ ಪ್ರಮಾಣಪತ್ರ ಅಲ್ಲ. ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಮಗುವನ್ನು ಕರೆದೊಯ್ಯಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅವಧಿ ಮುಗಿಯುವ ದಿನಾಂಕ ಗುರುತು ಮಾಡಿಟ್ಟುಕೊಳ್ಳಿ.

"ಒಮ್ಮೆ ಮಾಡಿಸಿದರೆ ಮಗುವಿನ ಹಣೆಗೆ ಮುದ್ರೆ ಒತ್ತಿದ ಹಾಗಲ್ಲವಾ?" ಎಂದು ತುಂಬ ಜನ ಕೇಳುತ್ತಾರೆ. ಕಾರ್ಡ್ ನಿಮ್ಮ ಬೀರುವಿನಲ್ಲಿ ಇರುತ್ತದೆ, ಬೇಕೆಂದಾಗ ಮಾತ್ರ ತೋರಿಸುತ್ತೀರಿ. ಶಾಲೆಯಲ್ಲಿ, ಮುಂದೆ ಪರೀಕ್ಷೆಯಲ್ಲಿ ಸಿಗಬೇಕಾದ ರಿಯಾಯಿತಿಗೆ ಅದು ಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) 'ನಿರಾಮಯ' ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿನ ಒಂದು ಪಾಲೂ ಅದರಲ್ಲಿ ಸಿಗುತ್ತದೆ. ಅದಕ್ಕೂ ಪ್ರಮಾಣಪತ್ರವೇ ಬೇಕು.

10. ವರದಿ ಬಂದ ವಾರ ಬರುವ ಫೋನ್‌ಗಳು

ಈ ವಾರ ಮನಸ್ಸು ಮೆತ್ತಗಾಗಿರುತ್ತದೆ. ಅದನ್ನು ಬಲ್ಲವರು ಫೋನ್ ಮಾಡುತ್ತಾರೆ. "ಆರು ತಿಂಗಳಲ್ಲಿ ಪೂರ್ತಿ ಗುಣ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಡಿ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೀಳುತ್ತಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮೈಯಿಂದ ಲೋಹ ತೆಗೆಯುವ 'ಕೀಲೇಷನ್' ಮಕ್ಕಳ ಜೀವಕ್ಕೇ ಅಪಾಯ. ಆಕ್ಸಿಜನ್ ಚೇಂಬರ್‌ನಿಂದ ಆಟಿಸಂ ಹೋಗುವುದಿಲ್ಲ. ಮಗುವನ್ನು ಕೋಣೆಯೊಳಗೆ ಕರೆದುಕೊಂಡು ಬಾಗಿಲು ಹಾಕಿ, ಅಪ್ಪ ಅಮ್ಮನಿಗೆ ಏನು ಮಾಡುತ್ತಿದ್ದೇವೆ ಎಂದೇ ಹೇಳದ ಥೆರಪಿ ಕೇಂದ್ರಕ್ಕೂ ಸೇರಿಸಬೇಡಿ. ಅಲ್ಲಿ ವಾರಕ್ಕೆ ಮೂರು ಗಂಟೆ ಇರುವ ಮಗು ಉಳಿದ ಹೊತ್ತೆಲ್ಲ ಇರುವುದು ನಿಮ್ಮ ಜೊತೆ. ಹೇಗೆ ಆಡಿಸಬೇಕು, ಹೇಗೆ ಕೇಳಿಸಬೇಕು ಎಂದು ನಿಮಗೆ ಕಲಿಸುವವರೇ ಒಳ್ಳೆಯ ಥೆರಪಿಸ್ಟ್.

ಎಲ್ಲ ವರದಿಗಳನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಬ್ಬರ ಹತ್ತಿರವೂ ಇಟ್ಟುಕೊಳ್ಳಿ. ಮೂಲ ಪ್ರತಿಯನ್ನು ಯಾವ ಸೆಂಟರ್‌ಗೂ ಬಿಟ್ಟು ಬರಬೇಡಿ, ಲ್ಯಾಮಿನೇಷನ್ ಕೂಡ ಮಾಡಿಸಬೇಡಿ, ಅದರ ಮೇಲೆ ಮುಂದೆ ಮೊಹರು ಹಾಕಬೇಕಾಗಬಹುದು. ಆ ನೋಟ್‌ಬುಕ್ ಎಸೆಯಬೇಡಿ. ಥೆರಪಿ ಶುರುವಾದ ದಿನಾಂಕ ಹಾಕಿ, ಅದೇ ಐದು ವಿಡಿಯೊಗಳನ್ನು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆಯಿರಿ. ಮರುತಪಾಸಣೆಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.